ವಿಠ್ಠಲ ಕಟ್ಟಿದ ವೈರು

ಟೆಂಪೋದಿಂದ ಇಳಿಯುವಾಗ ರೂಪಿಬಾಯಿ ಕೌದಿಯಲ್ಲಿ ಸುತ್ತಿದ ಗಂಟೊಂದನ್ನು ಎದೆಗೆ ಅವಚಿಕೊಂಡಿದ್ದಳು. ಇಳಿಸಿಕೊಳ್ಳಲು ಕೈ ಚಾಚಿದ ಕ್ಲೀನರನಿಗೆ ಮೊಣಕೈ ತೋರಿಸಿ, ಸಂತೆಯ ಜನರನ್ನು ಭುಜದಿಂದಲೇ ಸರಿಸುತ್ತ, ಮುಂಡಗೋಡ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಗೆ ಬಂದು ಮೋಟರ್ ವೈಂಡಿಂಗ್ ಅಂಗಡಿಯ ಮೆಟ್ಟಿಲು ಹತ್ತಿದಳು. ಗಂಟನ್ನು ಬೆಂಚಿನ ಮೇಲಿಟ್ಟು ಬಿಚ್ಚಿದಳು. ಒಳಗಿದ್ದದ್ದು ಕರಿಯ ಬಣ್ಣದ ಕಂಪ್ಯೂಟರ್.

"ಬದ್ರವ್ವಾ, ಇದನ್ನ ಬದುಕ್ಸು," ಅಂದಳು. ಆರಾಮ ಅದೀಯೇನು ಅಂತ ಕೂಡ ಕೇಳಲಿಲ್ಲ.

ಬದರುನ್ನಿಸಾ ಕೈಯಲ್ಲಿದ್ದ ತಾಮ್ರದ ಸುರುಳಿಯನ್ನು ಕೆಳಗಿಟ್ಟಳು. ಗಂಡ ಮುಬಾರಕ ಬದುಕಿದ್ದಾಗ ಇಪ್ಪತ್ತೈದು ವರ್ಷ ಅವಳು ಮನೆಯಲ್ಲೇ ಕೂತು ಸುರುಳಿ ಸುತ್ತುತ್ತಿದ್ದಳು, ಅವನು ಅಂಗಡಿಯಲ್ಲಿ ಅವನ್ನು ಮೋಟರಿಗೆ ಕೂಡಿಸುತ್ತಿದ್ದ. ಅವನು ಹೋಗಿ ನಾಲ್ಕು ವರ್ಷ. ಈಗ ಅಂಗಡಿಯ ಕುರ್ಚಿ ಅವಳದು. ಸುತ್ತಲಿನ ತಾಂಡಾಗಳಲ್ಲಿ ಅವಳ ಕೈ ಮುಟ್ಟದ ಪಂಪ್‌ಸೆಟ್ಟು ಕಡಿಮೆ. ರೂಪಿಬಾಯಿಯ ಪಂಪನ್ನಂತೂ ಮೂರು ಸಲ ಸುತ್ತಿದ್ದಳು.

"ಯಾಡಿ, ನಾ ಮೋಟರಿನಾಕಿ," ಅಂದಳು. ಲಂಬಾಣಿಗರು ತಾಯಿಯನ್ನು ಕರೆಯುವ ಹಾಗೆಯೇ ಅವಳೂ ರೂಪಿಬಾಯಿಯನ್ನು ಯಾಡಿ ಅನ್ನುತ್ತಿದ್ದಳು. "ಇದು ಫಿರೋಜನ ಕೆಲಸ. ಅವನ ಕಂಪ್ಯೂಟರ್ ಅಂಗಡಿ ಅಲ್ಲೇ ಮೂಲ್ಯಾಗ ಐತಲ್ಲ."

"ಕೀಲಿ ಹಾಕೈತಿ. ತಾಯಿನ ಕರ್ಕೊಂಡು ಹುಬ್ಬಳ್ಳಿ ದವಾಖಾನಿಗೆ ಹೋಗ್ಯಾನಂತ. ಬರೂದು ನಾಡದ. ನನಗ ನಾಳೆ ಹನ್ನೊಂದಕ್ಕ ಬೇಕು."

"ಅಂಥಾದ್ದೇನೈತಿ ಇದರಾಗ?"

ರೂಪಿಬಾಯಿ ಬೆಂಚಿನ ತುದಿಗೆ ಕೂತಳು. "ಸಾತಪ್ಪ ಅದಾನ," ಅಂದಳು.

ಸಾತಪ್ಪನನ್ನು ಬದರುನ್ನಿಸಾಳೂ ಬಲ್ಲಳು. ತಾಂಡಾದ ಪಕ್ಕದ ಊರಿನ ಹಿರಿಯ. ತೊಂಬತ್ತು ದಾಟಿದ್ದ, ಹೋದ ದೀಪಾವಳಿಯ ಮುಂದೆ ತೀರಿಕೊಂಡಿದ್ದ. ಕಾಡಂಚಿನಲ್ಲಿರುವ ರೂಪಿಬಾಯಿಯ ಮೂರೆಕರೆ ಹೊಲ ಅತಿಕ್ರಮಣವೋ ಅಲ್ಲವೋ ಎಂಬ ಅರ್ಜಿ ಎಂಟು ವರ್ಷದಿಂದ ಕಚೇರಿಯಲ್ಲಿತ್ತು. ಹೊಲ ಎಷ್ಟು ಹಳೆಯದು ಅನ್ನುವುದಕ್ಕೆ ಅವಳ ಹತ್ತಿರ ಕಾಗದವಿರಲಿಲ್ಲ, ಕಣ್ಣಾರೆ ಕಂಡ ಸಾತಪ್ಪ ಇದ್ದ. ಸಾಯುವ ತಿಂಗಳು ಮೊದಲು ಅವನನ್ನು ಮಾಡಿನ ಕೆಳಗೆ ಕೂಡ್ರಿಸಿ, ಕಂಡದ್ದನ್ನೆಲ್ಲ ಅವನ ಬಾಯಿಂದಲೇ ಹೇಳಿಸಿ ವೀಡಿಯೋ ಮಾಡಿದವನು ರೂಪಿಬಾಯಿಯ ಮೊಮ್ಮಗ ವಿಠ್ಠಲ. ಅವನು ಮದುವೆ ವೀಡಿಯೋ ತೆಗೆಯುವವನು. ಈ ಕಂಪ್ಯೂಟರೂ ಅವನದೇ. ನಾಳೆ ವಿಚಾರಣೆ. ಸಾತಪ್ಪನ ಮಾತು ಇರುವುದು ಈ ಡಬ್ಬದೊಳಗೆ ಮಾತ್ರ.

"ಮೊಬೈಲಿನ್ಯಾಗ ಇಲ್ಲೇನು? ಪೆನ್‌ಡ್ರೈವಿನ್ಯಾಗ?"

"ನಾಳೆ ಹಾಕ್ತೇನಿ, ನಾಳೆ ಹಾಕ್ತೇನಿ ಅಂದ. ಏಳೆಂಟು ತಿಂಗಳು ಬರೇ ನಾಳೆ ಆತು. ಈಗ ಗೋವಾದಾಗ ಯಾರದೋ ಮದುವಿ, ಶುಕ್ರವಾರ ಬರ್ತಾನ."

ನಿನ್ನೆಯ ಗಾಳಿಗೆ ತಾಂಡಾದ ಕಂಬದಲ್ಲಿ ನ್ಯೂಟ್ರಲ್ ತಂತಿ ಹರಿದು ಮನೆಗಳಿಗೆ ಕರೆಂಟು ಮಿತಿಮೀರಿ ನುಗ್ಗಿತ್ತು. ಬಲ್ಬುಗಳು ಕಣ್ಣು ಕುಕ್ಕುವ ಹಾಗೆ ಉರಿದು ಒಡೆದವು. ಮಿಕ್ಸರು ಹೋಯಿತು, ಟಿವಿ ಹೋಯಿತು. ಕಂಪ್ಯೂಟರಿನ ಹಿಂದಿನಿಂದ ಹೊಗೆ ಬಂತು.

ಬದರುನ್ನಿಸಾ ಡಬ್ಬದ ಹಿಂಬದಿಗೆ ಮೂಗು ಹಿಡಿದಳು. ಸುಟ್ಟ ವಾರ್ನಿಶಿನ ವಾಸನೆ. ವೈರು ಕೂಡಿಸಿ ಗುಂಡಿ ಒತ್ತಿದರೆ ಏನೂ ಇಲ್ಲ, ಫ್ಯಾನೂ ಅಲುಗಲಿಲ್ಲ. ಸತ್ತದ್ದು ಎಸ್‌ಎಂಪಿಎಸ್. ಗೋಡೆಯ ಕರೆಂಟನ್ನು ಇಳಿಸಿ ಒಳಗಿನ ಭಾಗಗಳಿಗೆಲ್ಲ ಹಂಚುವ ಕಬ್ಬಿಣದ ಡಬ್ಬಿ ಅದು. ಅಂಥವನ್ನು ನಾಲ್ಕೈದು ಬದಲಾಯಿಸಿದ ಅನುಭವ ಅವಳಿಗಿತ್ತು. ಆದರೆ ಅದು ಸಾಯುವಾಗ ತಾನೊಂದೇ ಸತ್ತಿತೋ, ಬೋರ್ಡನ್ನೂ ಡಿಸ್ಕನ್ನೂ ಜೊತೆಗೆ ಎಳೆದುಕೊಂಡು ಹೋಯಿತೋ, ಅದನ್ನು ಮೂಗು ಹೇಳುವುದಿಲ್ಲ.

ವಿಠ್ಠಲನಿಗೆ ಫೋನು ಹಚ್ಚಿದಳು. ಹಿಂದೆ ಬ್ಯಾಂಡಿನ ಸದ್ದು.

"ಡಿಸ್ಕ್ ಬಿಚ್ಚಿ ಬ್ಯಾರೇದಕ್ಕ ಹಚ್ಚಿ ನೋಡಾಕ ಬರಂಗಿಲ್ಲೇನೋ?"

"ಅದಕ್ಕೊಂದು ಅಡಾಪ್ಟರ್ ಬೇಕು ಚಾಚಿ, ಫಿರೋಜಣ್ಣನ ಹಂತೇಕ ಐತಿ. ಉಳಿದವರದೆಲ್ಲಾ ಲ್ಯಾಪ್‌ಟಾಪ್, ದೊಡ್ಡ ಡಿಸ್ಕ್ ಹಿಡಿಸಂಗಿಲ್ಲ. ಎಸ್‌ಎಂಪಿಎಸ್ ಚಲೋದು ಹಾಕ್ರಿ. ನಂದು ವೀಡಿಯೋ ಕಾರ್ಡ್ ದೊಡ್ಡದೈತಿ, ಅದೊಂದೇ ನೂರೈವತ್ತು ವ್ಯಾಟ್ ತಿಂತೈತಿ. ಮತ್ತ ಚಾಚಿ, ಒಂದು ಮಾತು."

"ಹೇಳು."

"ಒಳಗಿನ ವೈರ್ ಬಿಚ್ಚಬ್ಯಾಡ್ರಿ. ಎರಡು ದಿನ ಕುಂತು ಕಟ್ಟೇನಿ."

ಬಸ್‌ಸ್ಟ್ಯಾಂಡಿನ ಎದುರು ಸುಭಾಸನ ಇಲೆಕ್ಟ್ರಾನಿಕ್ಸ್ ಅಂಗಡಿ. ಅವನು ಕಪಾಟಿನಿಂದ ಬಣ್ಣಬಣ್ಣದ ರಟ್ಟಿನ ಪೆಟ್ಟಿಗೆ ತೆಗೆದು ಕೌಂಟರಿನ ಮೇಲಿಟ್ಟ. "ಐನೂರು ವ್ಯಾಟ್, ಚಾಚಿ. ಹೊಸಾ ಮಾಲ್. ನೋಡ್ರಿ, ಮ್ಯಾಲೇ ಬರದೈತಿ."

ಬದರುನ್ನಿಸಾ ಡಬ್ಬಿಯನ್ನು ಅಂಗೈಯಲ್ಲಿ ತೂಗಿದಳು. ಚುರುಮುರಿಯ ಪೊಟ್ಟಣದಷ್ಟು ಹಗುರ. ಜಾಲರಿಯಿಂದ ಒಳಗೆ ಇಣುಕಿದಳು. ಸುರುಳಿ ಅಡಿಕೆ ಬೆಟ್ಟೆಯಷ್ಟಿತ್ತು.

"ಬರಿಯಾಕೇನು, ಸುಭಾಸ? ನನ್ನ ಹಣಿ ಮ್ಯಾಲ ರಾಣಿ ಅಂತ ಬರಿ. ನಾಳಿಂದ ನೀ ನನಗ ಬಗ್ಗಿ ಮುಜರೆ ಮಾಡ್ತಿಯೇನು?"

"ತಾಂಡಾದವರಿಗೆ ಇಷ್ಟು ಸಾಕಲ್ರಿ."

ರೂಪಿಬಾಯಿ ಮುಂದೆ ಬಾಗಿದಳು. "ಯಾಕೋ ತಮ್ಮಾ, ತಾಂಡಾದಾಗ ಕರೆಂಟು ಅರ್ಧಾ ಬರತೈತೇನು?"

ಸುಭಾಸ ನಕ್ಕು ಪೆಟ್ಟಿಗೆಯನ್ನು ಒಳಗಿಟ್ಟ. ಆದರೆ ಮುಂಡಗೋಡದಲ್ಲಿ ಬೇರೆ ಯಾರ ಹತ್ತಿರವೂ ಅದಕ್ಕಿಂತ ದೊಡ್ಡದಿರಲಿಲ್ಲ. ಹುಬ್ಬಳ್ಳಿಗೆ ಹೋಗಿ ತರುವಷ್ಟರಲ್ಲಿ ಕತ್ತಲಾಗುತ್ತದೆ. ಗೋಡೆಯ ಗಡಿಯಾರದಲ್ಲಿ ಹನ್ನೆರಡೂವರೆ. ತಾಂಡಾಕ್ಕೆ ಕೊನೆಯ ಟೆಂಪೋ ಆರಕ್ಕೆ. ಅಗ್ಗದ ಡಬ್ಬಿ ಹಾಕಿದರೆ ಕಾರ್ಡು ಎಳೆದಾಗ ಅದು ಕುಸಿಯುತ್ತದೆ, ಕುಸಿಯುವಾಗ ಯಾವುದನ್ನು ಸುಡುತ್ತದೋ ಗೊತ್ತಿಲ್ಲ. ಮೂರು ಎಚ್‌ಪಿ ಮೋಟರಿಗೆ ಒಂದು ಎಚ್‌ಪಿಯ ಸ್ಟಾರ್ಟರ್ ಹಾಕಿದವರ ಪಾಡು ಅವಳು ನೋಡದ್ದೇನಲ್ಲ.

"ಹೋಗೂಣು ಯಾಡಿ," ಅಂದಳು. "ಕಾಲೊನಿಗೆ."

ಟಿಬೆಟನ್ ಕಾಲೊನಿಯಲ್ಲಿ ಜಿಗ್ಮೆ ಎಂಬ ನಡುವಯಸ್ಸಿನವನೊಬ್ಬ ಹಳೆಯ ಕಂಪ್ಯೂಟರ್ ಸಾಮಾನು ಮಾರುತ್ತಿದ್ದ. ಕ್ಯಾಂಪಿನ ಆಫೀಸು, ಶಾಲೆಗಳು ಹೊಸದು ಕೊಂಡಾಗ ಹಳೆಯದು ಅವನ ಕೋಣೆ ಸೇರುತ್ತಿತ್ತು. ಇಬ್ಬರೂ ಆಟೋ ಹತ್ತಿದರು. ಹೊಲಗಳಲ್ಲಿ ಗೋವಿನಜೋಳಕ್ಕೆ ನೆಲ ಹದ ಮಾಡುತ್ತಿದ್ದರು. ರೂಪಿಬಾಯಿ ದಾರಿಯುದ್ದಕ್ಕೂ ಅತ್ತಲೇ ನೋಡುತ್ತ ಕೂತಿದ್ದಳು.

ಜಿಗ್ಮೆ ಮೇಜಿನ ಕೆಳಗಿನಿಂದ ಎಳೆದದ್ದು ಒಳ್ಳೆಯ ಡಬ್ಬಿ. ಆರುನೂರೈವತ್ತು ವ್ಯಾಟಿನದು. ಅಂಗೈಗೆ ಭಾರ ಬಂತು. ಆದರೆ ಭಾರವನ್ನೂ ಬದರುನ್ನಿಸಾ ಪೂರ್ತಿ ನಂಬುವವಳಲ್ಲ. ಒಳಗೆ ಕಬ್ಬಿಣದ ತುಂಡು ತುಂಬಿ ತೂಕ ತೋರಿಸುವ ಸ್ಟೆಬಿಲೈಜರುಗಳನ್ನು ಅವಳು ಬಿಚ್ಚಿದ್ದಳು. ಜಾಲರಿಯಿಂದ ನೋಡಿದಳು. ಸುರುಳಿ ದಪ್ಪಗಿತ್ತು, ಕೆಪಾಸಿಟರಿನ ತಲೆ ಉಬ್ಬಿರಲಿಲ್ಲ.

"ಎಷ್ಟು ವರ್ಷ ದುಡಿದೈತಿ?"

"ಎರಡು ವರ್ಷ, ಅಮ್ಮಾ. ಆಫೀಸಲ್ಲಿ. ಎಸಿ ರೂಮು," ಅಂದ ಜಿಗ್ಮೆ, ಒಂದೊಂದು ಶಬ್ದವನ್ನೂ ಬಿಡಿಬಿಡಿಯಾಗಿ ಇಡುತ್ತ.

"ನನಗಿಂತ ಸುಖಾ ಉಂಡೈತಿ. ಚಾಲೂ ಮಾಡು."

ಅವನು ದೊಡ್ಡ ಪ್ಲಗ್ಗಿನ ಹಸಿರು ವೈರಿಗೂ ಕರಿ ವೈರಿಗೂ ನಡುವೆ ತಂತಿಯ ತುಂಡೊಂದನ್ನು ಚುಚ್ಚಿದ. ಫ್ಯಾನು ತಿರುಗಿತು. ಅವಳು ತನ್ನ ಮೀಟರ್ ಹಚ್ಚಿದಳು. ಹನ್ನೆರಡು ಇರಬೇಕಾದಲ್ಲಿ ಹನ್ನೆರಡು, ಐದು ಇರಬೇಕಾದಲ್ಲಿ ಐದು. ಅಷ್ಟಕ್ಕೇ ಬಿಡದೆ ಅವನದೇ ಒಂದು ಕಂಪ್ಯೂಟರಿಗೆ ಹಾಕಿಸಿ ಅರ್ಧ ಗಂಟೆ ಓಡಿಸಿದಳು. ಕೆಲಸವಿಲ್ಲದೆ ತಿರುಗುವ ಮೋಟರು ಎಲ್ಲವೂ ಒಳ್ಳೆಯದೇ, ನೀರು ಎತ್ತುವಾಗ ಗೊತ್ತಾಗುತ್ತದೆ ಅದರ ಗುಣ. ಅರ್ಧ ಗಂಟೆಯೂ ಹೊರಬರುವ ಗಾಳಿಗೆ ಹಿಂಗೈ ಹಿಡಿದು ನಿಂತಿದ್ದಳು. ಬಾಗಿಲಲ್ಲಿ ರೂಪಿಬಾಯಿ ಎರಡು ಸಲ ಕೆಮ್ಮಿದಳು, ಮೂರನೆಯ ಸಲ ಬಾಯಿ ಬಿಟ್ಟೇ ಕೇಳಿದಳು: "ಜ್ವರ ನೋಡಾಕತ್ತಿಯೇನು ಅದರದು?"

"ಹೂಂ. ಇಲ್ಲ ಜ್ವರ. ಇದನ್ನ ಒಯ್ಯೂಣು."

ಮಾತು ಮುಗಿಸಿ ಹೊರಡುವಾಗ ಜಿಗ್ಮೆ ಸಣ್ಣ ಬಟ್ಟೆಯ ಚೀಲವೊಂದನ್ನು ಅವಳ ಕೈಗಿಟ್ಟ. ಒಳಗೆ ಸುತ್ತಿದ ವೈರುಗಳು. ಡಿಸ್ಕಿನದು, ಕಾರ್ಡಿನದು. ಡಬ್ಬಿಯಿಂದ ಬಿಚ್ಚಿ ತೆಗೆಯಬಹುದಾದಂಥವು.

"ಅಮ್ಮಾ, ಈ ಚೀಲ ಇದರದೇ. ಇದಕ್ಕೇ ಹಾಕಬೇಕು."

"ಆತು ಆತು," ಅಂದಳು ಬದರುನ್ನಿಸಾ, ಆಟೋದವನಿಗೆ ಕೈ ಮಾಡುತ್ತ. ಕೊಳ್ಳುವವರನ್ನು ಖುಷಿಪಡಿಸಲು ಮೇಲೊಂದಿಷ್ಟು ಹಾಕಿ ಕೊಡುತ್ತಾನೆ ಅಂದುಕೊಂಡಳು.

ಅಂಗಡಿಗೆ ಮರಳಿದಾಗ ಮೂರು ಗಂಟೆ. ಸುಟ್ಟ ಡಬ್ಬಿಯ ನಾಲ್ಕು ಸ್ಕ್ರೂ ಬಿಚ್ಚಿದಳು. ಕಂಪ್ಯೂಟರಿನ ಇನ್ನೊಂದು ಬದಿಯ ತಗಡನ್ನೂ ತೆಗೆದಾಗ ವಿಠ್ಠಲ ಹೇಳಿದ ವೈರು ಕಂಡವು. ಅವಳ ಕೈ ನಿಂತಿತು.

ಎಂಥ ಕಟ್ಟು! ನಾಲ್ಕು ಬೆರಳಿಗೊಂದು ಕರಿ ಪಟ್ಟಿ. ಒಂದು ವೈರು ಇನ್ನೊಂದರ ಮೇಲೆ ಹತ್ತಿಲ್ಲ. ತಿರುವಿನಲ್ಲೆಲ್ಲ ಒಂದೇ ಬಾಗು. ಬದರುನ್ನಿಸಾ ತಾನು ಸುರುಳಿಯ ತುದಿಗಳಿಗೆ ಹತ್ತಿಯ ದಾರ ಬಿಗಿಯುವುದು ಹೀಗೆಯೇ. ಮೋಟರ್ ಬಿಚ್ಚಿದ ಕೂಡಲೆ ಒಳಗಿನ ಕಟ್ಟು ನೋಡಿ ಇದು ಯಾರ ಕೈ ಅಂತ ಹೇಳುವುದು ವೈಂಡಿಂಗಿನವರ ರೂಢಿ. ಚೆನ್ನಾಗಿ ಕಟ್ಟಿದ್ದನ್ನು ಕಾರಣವಿಲ್ಲದೆ ಬಿಚ್ಚುವುದು ಅವರಲ್ಲಿ ಕಟ್ಟಿದವನಿಗೆ ಮಾಡುವ ಅವಮಾನ.

"ಈ ಹುಡುಗಗ ನಾ ವೈಂಡಿಂಗ್ ಕಲಿಸಬೇಕಿತ್ತು, ಯಾಡಿ."

"ಮೊದಲ ಕಂಪ್ಯೂಟರ್ ಮಾಡು, ಆಮ್ಯಾಲ ಅವನ್ನ ಹೊಗಳು."

ಹೊಸ ಡಬ್ಬಿಯನ್ನು ಫ್ಯಾನು ಕೆಳಮುಖವಾಗಿ ಕೂಡ್ರಿಸಿದಳು. ತೂತುಗಳು ಸರಿಹೊಂದಿದವು. ನಾಲ್ಕು ಸ್ಕ್ರೂಗಳನ್ನು ಮೊದಲು ಸಡಿಲವಾಗಿ ಹಾಕಿ, ಆಮೇಲೆ ಮೂಲೆಯಿಂದ ಮೂಲೆಗೆ ಬಿಗಿದಳು. ಬೋರ್ಡಿಗೆ ಹೋಗುವ ಎರಡು ವೈರುಗಳು ಡಬ್ಬಿಗೇ ಅಂಟಿಕೊಂಡು ಬಂದಿದ್ದವು. ಅಗಲ ಪ್ಲಗ್ಗನ್ನು ಬದಿಗೆ, ಚೌಕನೆಯದನ್ನು ಮೇಲಿನ ಮೂಲೆಗೆ ಕೂಡಿಸಿದಳು. ಟಕ್, ಟಕ್. ಕೊಕ್ಕೆ ಬಿದ್ದ ಸದ್ದು ಕೇಳಿ ಮನಸ್ಸಿಗೆ ಸ್ವಲ್ಪ ಸಮಾಧಾನವಾಯಿತು.

ಉಳಿದದ್ದು ಡಿಸ್ಕಿನ ವೈರು, ಕಾರ್ಡಿನ ವೈರು. ವಿಠ್ಠಲ ಕಟ್ಟಿದವು ಅಲ್ಲೇ ಇದ್ದವು, ಡಿಸ್ಕಿಗೆ ಕೂಡಿಸಿಯೇ ಇದ್ದವು. ಸುಟ್ಟ ಡಬ್ಬಿಯಿಂದ ಕಿತ್ತ ತುದಿಯನ್ನು ಹೊಸ ಡಬ್ಬಿಯ ತೂತಿಗೆ ಒತ್ತಿ ನೋಡಿದಳು. ಅಳತೆ ತೆಗೆದು ಮಾಡಿದಂತೆ ಕೂತಿತು. ಚೀಲದ ವೈರು ಯಾತಕ್ಕೆ ಮತ್ತೆ? ಬಟ್ಟೆಯ ಚೀಲ ಬೆಂಚಿನ ಕೆಳಗೆ ಹೋಯಿತು.

"ಆತೇನು?"

"ಆತು. ಕಾರ್ಡಿಂದು ಕಡೀಕ ಹಚ್ತೇನಿ. ಮೊದಲ ಇಷ್ಟು ಎದ್ದು ಕುಂದರಲಿ."

"ಹಚ್ಚು ಮತ್ತ. ಯಾಕ ನಿಂತಿ?"

ಬೆರಳು ಸ್ವಿಚ್ಚಿನ ಮೇಲಿತ್ತು. ಬದರುನ್ನಿಸಾಳಿಗೇ ಗೊತ್ತಿರಲಿಲ್ಲ ಯಾಕೆ ನಿಂತೆ ಅಂತ. ಎಲ್ಲ ಸರಿಯಿತ್ತು. ಮೀಟರ್ ಸರಿ ತೋರಿಸಿತ್ತು, ಅರ್ಧ ಗಂಟೆ ಓಡಿತ್ತು, ಪ್ಲಗ್ಗುಗಳು ಕೂತಿದ್ದವು. ಆದರೂ ಬೆರಳು ಒತ್ತಲಿಲ್ಲ. ಕಣ್ಣು ಹಿತ್ತಿಲ ಬಾಗಿಲ ಕಡೆ ಹೋಯಿತು. ಅಲ್ಲಿ ಮುಬಾರಕನ ಕಾಲದ ಒಡಕು ಪಂಪೊಂದು ಸಿಮೆಂಟಿನ ತೊಟ್ಟಿಯಲ್ಲಿ ಇನ್ನೂ ಕೂತಿತ್ತು. ಸುತ್ತಿದ ಯಾವ ಮೋಟರನ್ನೂ ಅವನು ಸೀದಾ ಗಿರಾಕಿಯ ಬಾವಿಗೆ ಬಿಟ್ಟವನಲ್ಲ. ಮೊದಲು ಆ ಒಡಕು ಪಂಪಿಗೆ ಕಟ್ಟಿ ಓಡಿಸುತ್ತಿದ್ದ. "ಹೋದರ ಇದು ಹೋಗಲಿ, ಯಾರೂ ಅಳಂಗಿಲ್ಲ," ಅನ್ನುತ್ತಿದ್ದ.

ಇಲ್ಲಿ ಡಿಸ್ಕಿನಲ್ಲಿ ಸಾತಪ್ಪ ಕೂತಿದ್ದಾನೆ. ಅವನು ಹೋದರೆ ಅಳುವವರು ಎದುರಿಗೇ ಇದ್ದಾರೆ.

ಬೆರಳು ತೆಗೆದಳು. ಬಿಲ್ಲು ಪುಸ್ತಕ ಗಾಳಿಗೆ ಹಾರದಿರಲೆಂದು ಮೇಲಿಟ್ಟಿದ್ದ ಹಳೆಯ ಡಿಸ್ಕನ್ನು ಎತ್ತಿಕೊಂಡಳು. ಓದಲು ಬಾರದ್ದು, ತಿರುಗಲು ಮಾತ್ರ ಬರುತ್ತದೆ ಅಂತ ಫಿರೋಜ ಯಾವಾಗಲೋ ಕೊಟ್ಟು ಹೋಗಿದ್ದು. ವಿಠ್ಠಲನ ಡಿಸ್ಕಿನಿಂದ ವೈರು ಕಿತ್ತು ಇದಕ್ಕೆ ಹಚ್ಚಿದಳು.

"ಏನು ಮಾಡ್ತಿ? ಟೆಂಪೋ ಹೊಕ್ಕೈತಿ."

"ಎರಡು ನಿಮಿಷ."

ಸ್ವಿಚ್ಚು ಒತ್ತಿದಳು. ಫ್ಯಾನು ಒಂದು ಸುತ್ತು ತಿರುಗಿತು. ಚಟ್! ಹಳೆಯ ಡಿಸ್ಕಿನ ಕೆಳಗಿನಿಂದ ದಾರದಂಥ ಹೊಗೆಯೊಂದು ಎದ್ದಿತು. ಫ್ಯಾನು ನಿಂತಿತು. ಬೋರ್ಡಿನ ದೀಪ ಆರಿತು.

ಬದರುನ್ನಿಸಾ ಗೋಡೆಯ ಪ್ಲಗ್ಗು ಕಿತ್ತೆಸೆದಳು. ರೂಪಿಬಾಯಿ ಎದ್ದು ನಿಂತಿದ್ದಳು, ಸೆರಗು ಬಾಯಿಗೆ.

"ಹೋದನೇನು? ಬದ್ರವ್ವಾ, ಸಾತಪ್ಪ ಹೋದನೇನು?"

"ಇಲ್ಲ, ಇಲ್ಲ. ಇದು ರದ್ದೀದು, ನೋಡು. ನಿಂದು ಇಲ್ಲೈತಿ." ವಿಠ್ಠಲನ ಡಿಸ್ಕನ್ನು ಮುಟ್ಟಿ ತೋರಿಸಿದಳು. ಆ ಒಂದು ಕ್ಷಣ ತಡೆಯದಿದ್ದರೆ ಈ ಹೊಗೆ ಇದರಿಂದ ಏಳುತ್ತಿತ್ತು. ಅವಳು ಕುರ್ಚಿಯಲ್ಲಿ ಕೂತಳು.

ರೂಪಿಬಾಯಿ ಮೂಲೆಯ ಕೊಡದಿಂದ ನೀರು ಬಗ್ಗಿಸಿ ತಂದು ಕೊಟ್ಟಳು. ತಾನು ಕುಡಿಯಲಿಲ್ಲ.

ಬೋರ್ಡೂ ಸುಟ್ಟಿದೆಯೇ? ಹತ್ತು ನಿಮಿಷ ಬಿಟ್ಟು, ಡಿಸ್ಕಿನ ವೈರನ್ನು ಡಬ್ಬಿಯಿಂದ ಪೂರ್ತಿ ಕಿತ್ತು, ಮತ್ತೆ ಚಾಲೂ ಮಾಡಿದಳು. ಫ್ಯಾನು ತಿರುಗಿತು, ತಿರುಗುತ್ತಲೇ ಇತ್ತು. ಬೋರ್ಡಿನ ದೀಪ ಹೊತ್ತಿತು. ಡಬ್ಬಿ ತನ್ನನ್ನು ತಾನೇ ನಿಲ್ಲಿಸಿಕೊಂಡಿತ್ತು ಅಷ್ಟೆ. ಹಾಗಾದರೆ ತಪ್ಪು ಎಲ್ಲಿ? ಜಿಗ್ಮೆಯ ಕೋಣೆಯಲ್ಲಿ ಇದೇ ಡಬ್ಬಿ ಅವನ ಕಂಪ್ಯೂಟರಿನ ಡಿಸ್ಕನ್ನು ಅರ್ಧ ಗಂಟೆ ತಿರುಗಿಸಿತ್ತು. ಅಲ್ಲಿಗೂ ಇಲ್ಲಿಗೂ ಬದಲಾದದ್ದು ಏನು?

ಅವನ ಮಾತು ಈಗ ಕಿವಿಗೆ ಬಿತ್ತು. ಈ ಚೀಲ ಇದರದೇ. ಇದಕ್ಕೇ ಹಾಕಬೇಕು.

ಬೆಂಚಿನ ಕೆಳಗಿನಿಂದ ಚೀಲ ಎಳೆದಳು. ಅದರ ವೈರನ್ನೂ ವಿಠ್ಠಲನ ವೈರಿನ ತುದಿಯನ್ನೂ ಪಕ್ಕಪಕ್ಕ ಹಿಡಿದು ಬಾಗಿಲ ಬೆಳಕಿಗೆ ಒಯ್ದಳು. ಎರಡೂ ಪ್ಲಗ್ಗಿನ ಆಕಾರ ಒಂದೇ. ಆದರೆ ಒಂದರಲ್ಲಿ ಮೊದಲ ತೂತಿನಲ್ಲಿದ್ದ ತಂತಿ ಇನ್ನೊಂದರಲ್ಲಿ ಮೂರನೆಯದರಲ್ಲಿತ್ತು. ಮೀಟರ್ ಹಚ್ಚಿ ಒಂದೊಂದೇ ತಂತಿಯನ್ನು ತುದಿಯಿಂದ ತುದಿಗೆ ಹಿಡಿದು ನೋಡಿದಳು. ವಿಠ್ಠಲನ ವೈರು ಈ ಡಬ್ಬಿಯಲ್ಲಿ ಐದು ವೋಲ್ಟು ಬೇಕಾದ ಜಾಗಕ್ಕೆ ಹನ್ನೆರಡು ತಂದು ಸುರಿಯುತ್ತಿತ್ತು. ಬೇರೆ ಬೇರೆ ಕಂಪನಿಯವರು ಡಿಸ್ಕಿನ ಕಡೆಯ ಬಾಯಿಯನ್ನು ಒಂದೇ ರೀತಿ ಮಾಡುತ್ತಾರೆ. ಡಬ್ಬಿಯ ಕಡೆಯದನ್ನು ತಮಗೆ ತಿಳಿದಂತೆ ಮಾಡಿಕೊಳ್ಳುತ್ತಾರೆ. ಕೂತಿತು ಅಂದರೆ ಸರಿಯಾಯಿತು ಅಂದುಕೊಂಡದ್ದು ಅವಳ ತಪ್ಪು. ಕಟ್ಟಿನ ಚಂದ ನೋಡಿ, ತಂತಿಯನ್ನು ನೋಡಲಿಲ್ಲ.

"ಯಾಡಿ, ತಪ್ಪು ನಂದು," ಅಂದಳು. "ಲಾಮಾಗಳ ಊರಿನವ ಹೇಳಿದ್ದ. ನಾ ಕಿವಿಗೆ ಹಾಕ್ಕೊಳ್ಳಲಿಲ್ಲ."

ರೂಪಿಬಾಯಿ ಗಡಿಯಾರ ನೋಡಿದಳು. ನಾಲ್ಕೂವರೆ.

ಬದರುನ್ನಿಸಾ ಕತ್ತರಿ ತೆಗೆದುಕೊಂಡಳು. ವಿಠ್ಠಲನ ಪಟ್ಟಿಗಳನ್ನು ಒಂದೊಂದಾಗಿ ಕತ್ತರಿಸಿದಳು. ಪ್ರತಿ ಸಲವೂ ಮನಸ್ಸಿಗೆ ಚುಚ್ಚಿತು, ಆದರೂ ಕತ್ತರಿ ನಿಲ್ಲಲಿಲ್ಲ. ಹಳೆಯ ವೈರುಗಳನ್ನೆಲ್ಲ ಎಳೆದು ಹಾಕಿ ಚೀಲದವನ್ನು ಡಬ್ಬಿಗೆ ಕೂಡಿಸಿದಳು. ಡಿಸ್ಕಿನದು, ಆಮೇಲೆ ಕಾರ್ಡಿನದು. ಅವು ಗಿಡ್ಡ, ಬೋರ್ಡಿನ ಎದುರಿನಿಂದಲೇ ಅಡ್ಡಾದಿಡ್ಡಿಯಾಗಿ ಹಾದುಹೋದವು. ನೋಡಲು ಅಸಹ್ಯ.

ಡಿಸ್ಕಿಗೆ ಹಚ್ಚುವ ಮೊದಲು ವೈರಿನ ಬಾಯಿಗೆ ಮೀಟರ್ ಹಿಡಿದಳು. ಐದು. ಹನ್ನೆರಡು. ಎಲ್ಲಿ ಏನಿರಬೇಕೋ ಅಲ್ಲೇ. ಮೂರು ಸಲ ನೋಡಿದಳು.

ಈಗ ಸುಡಲು ರದ್ದಿ ಡಿಸ್ಕಿರಲಿಲ್ಲ. ಇದ್ದ ಒಂದು ಹೋಗಿತ್ತು.

"ಯಾಡಿ, ಕೇಳು. ಮೀಟರ್ ಸರಿ ಅನ್ನಾಕತ್ತೈತಿ. ಆದರ ನಿನ್ನೆ ಗಾಳಿಗೇ ಡಿಸ್ಕ್ ಹೋಗಿದ್ದರ ನನಗ ಗೊತ್ತಾಗಂಗಿಲ್ಲ. ಮತ್ತ ನಾ ಇವತ್ತು ಒಂದು ಸಲ ತಪ್ಪೇನಿ. ಕಾಲೊನಿಗೆ ಒಯ್ದು ಅಲ್ಲಿ ಕಂಪ್ಯೂಟರಿಗೆ ಹಚ್ಚಿ ನೋಡಾಕ ಹೊತ್ತಿಲ್ಲ. ಬ್ಯಾಡ ಅಂದರ ಇಲ್ಲಿಗೇ ಬಿಡ್ತೇನಿ, ಫಿರೋಜ ಬಂದು ನೋಡಲಿ. ನಾಳೆ ಸಾಹೇಬರಿಗೆ ಮುದ್ದತ್ತು ಕೇಳು."

"ಹೋದ ಸಲ ಕೇಳಿದ್ದು ಅದ. ಇನ್ನ ಕೊಡಂಗಿಲ್ಲ ಅಂದಾರ."

"ಹಂಗಾದರ?"

ರೂಪಿಬಾಯಿ ಕಂಪ್ಯೂಟರಿನ ಒಳಗನ್ನು ನೋಡಿದಳು, ಸುಟ್ಟ ರದ್ದಿಯನ್ನು ನೋಡಿದಳು, ಆಮೇಲೆ ಬದರುನ್ನಿಸಾಳ ಮುಖ ನೋಡಿದಳು.

"ನನ್ನ ಪಂಪ್ ಮೂರು ಸಲ ಸುತ್ತಿದಿ. ಮೂರು ಸಲಾನೂ ನೀರು ಬಂತು. ಹಚ್ಚು."

ಬದರುನ್ನಿಸಾ ಬಿಸ್ಮಿಲ್ಲಾ ಅಂದು ವೈರನ್ನು ಸಾತಪ್ಪನಿದ್ದ ಡಿಸ್ಕಿಗೆ ಒತ್ತಿದಳು. ಸೆಟ್‌ಟಾಪ್ ಬಾಕ್ಸ್ ಪರೀಕ್ಷೆಗೆ ಇಟ್ಟುಕೊಂಡಿದ್ದ ಅಂಗಡಿಯ ಟಿವಿಗೆ ಕಂಪ್ಯೂಟರನ್ನು ಕೂಡಿಸಿದಳು. ಕೀಬೋರ್ಡು, ಮೌಸನ್ನು ಸುಭಾಸನ ಅಂಗಡಿಯಿಂದ ತಂದದ್ದಾಯಿತು. ಆಮೇಲೆ ಸ್ವಿಚ್ಚು.

ಫ್ಯಾನು ತಿರುಗಿತು. ಅವಳು ಮೂಗನ್ನು ಮುಂದೆ ಮಾಡಿ ಮೂಸಿದಳು. ವಾಸನೆ ಇಲ್ಲ. ಕೈಯನ್ನು ಡಿಸ್ಕಿನ ಬೆನ್ನ ಮೇಲಿಟ್ಟಳು. ಒಂದು, ಎರಡು, ಮೂರು. ಏನೂ ಇಲ್ಲ. ಆಮೇಲೆ ಅಂಗೈಗೆ ಸಣ್ಣದಾಗಿ ಗುರ್ ಅಂದಿತು. ನೆಲದಡಿಯ ನೀರು ಪೈಪಿಗೆ ಹತ್ತುವಾಗ ಅನ್ನುವ ಹಾಗೆ. ಅವಳು ಕೈ ತೆಗೆಯಲಿಲ್ಲ.

ಟಿವಿಯಲ್ಲಿ ಬೆಳಕು ಬಂತು. ಪಾಸ್‌ವರ್ಡ್ ಕೇಳಿತು.

ಫೋನಿನಲ್ಲಿ ವಿಠ್ಠಲ ತಡವರಿಸಿದ. "ಚಾಚಿ, ಅದು... ಅಜ್ಜಿ ಬಾಜೂಕ ಅದಾಳೇನು?"

"ಅದಾಳ. ಹೇಳೋ, ಟೆಂಪೋ ಹೊಕ್ಕೈತಿ."

ಅವನು ಮೆಲ್ಲಗೆ ಹೇಳಿದ. ಬದರುನ್ನಿಸಾ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ರೀನಾ, ಆಮೇಲೆ ನಾಲ್ಕು ಅಂಕಿ.

"ಏನಂದ?" ಅಂತ ಕೇಳಿದಳು ರೂಪಿಬಾಯಿ.

"ಕಂಪ್ಯೂಟರಿನ ಮಾತು, ಯಾಡಿ. ನಮಗ್ಯಾಕ?"

ವಿಠ್ಠಲ ಹೇಳಿದ ಕಡೆ ಒತ್ತುತ್ತ ಹೋದಳು. ಮದುವೆ, ಮದುವೆ, ಕುಬಸ, ಮದುವೆ. ಕೊನೆಗೆ ಸಾತಪ್ಪನ ಹೆಸರು. ಅದರ ಮೇಲೆ ಎರಡು ಸಲ ತಟ್ಟಿದಳು. ಟಿವಿಯ ತುಂಬ ಕಪ್ಪು. ಸುತ್ತುವ ಚಿಹ್ನೆಯೊಂದು ಸುತ್ತುತ್ತಲೇ ಇತ್ತು. ರೂಪಿಬಾಯಿ ಅವಳ ತೋಳನ್ನು ಹಿಡಿದಿದ್ದಳು, ಉಗುರು ನೆಟ್ಟಿತ್ತು.

ಆಮೇಲೆ ಮುಖ ಬಂತು. ಬಿಳಿ ಗಡ್ಡ, ತಲೆಗೆ ಟವಲು. ಕ್ಯಾಮೆರಾದ ಕಡೆ ಸಿಡುಕಿನಿಂದ ನೋಡುತ್ತ ಸಾತಪ್ಪ ಬಾಯಿ ತೆರೆದ.

"ಚಾಲೂ ಆತೇನೋ? ಆತೇನು? ಚಹಾ ಕೊಡ್ತೇನಿ ಅಂದಿದ್ದಿ, ಎಲ್ಲೈತಿ?" ಹಿಂದಿನಿಂದ ವಿಠ್ಠಲನ ನಗು. "ಬರಕೋರಿ ಸಾಹೇಬರ. ನಾ ಆವಾಗ ಹತ್ತು ಹನ್ನೆರಡರ ಹುಡುಗ. ದನಾ ಕಾಯಾಕ ಹೋಗ್ತಿದ್ದೆ. ಈ ರೂಪಿಬಾಯಿಯ ಅತ್ತಿ ಗೋದುಬಾಯಿ ಆ ಹೊಲದಾಗ ಬಾವಿ ತೋಡ್ಸಾಕತ್ತಿದ್ದಳು. ಆಳೆತ್ತರಕ್ಕ ಹೋಗೂದ್ರಾಗ ಕಲ್ಲು ಹತ್ತಿತು. ಗಂಡಸರು ಬಿಟ್ಟು ಹೋದರು. ಆಕಿ ಬಿಡಲಿಲ್ಲ. ನಾನೂ ಬುಟ್ಟಿ ಹೊತ್ತೇನಿ, ಬುಟ್ಟಿಗೊಂದು ಬೆಲ್ಲದ ತುಣುಕು ಕೊಡ್ತಿದ್ದಳು..."

ರೂಪಿಬಾಯಿ ಟಿವಿಗೆ ಹತ್ತಿರ ಹೋದಳು. ಅಳುತ್ತಾಳೆ ಅಂದುಕೊಂಡಿದ್ದಳು ಬದರುನ್ನಿಸಾ. ಅವಳು ಅಳಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಆ ಮುಖಕ್ಕೇ ಹೇಳಿದಳು: "ಹಿಂಗ ಹೇಳು, ಮಾವಾ. ನಾಳೆನೂ ಹಿಂಗ ಹೇಳು. ನಡುವ ನಿದ್ದಿ ಮಾಡಬ್ಯಾಡ."

ಎರಡು ಪೆನ್‌ಡ್ರೈವಿಗೆ ಸಾತಪ್ಪನನ್ನು ಇಳಿಸಿಕೊಂಡರು. ಒಂದನ್ನು ರೂಪಿಬಾಯಿ ಸೆರಗಿನ ತುದಿಯಲ್ಲಿಟ್ಟು ಎರಡು ಗಂಟು ಹಾಕಿದಳು. ಇನ್ನೊಂದನ್ನು ಬದರುನ್ನಿಸಾ, ನಾಳೆ ಬೇಕಾದರೆ ತಾನೇ ತಂದು ಕೊಡುವೆನೆಂದು, ಸೂಜಿ ದಾರದ ಡಬ್ಬಿಯಲ್ಲಿಟ್ಟು ಕೀಲಿ ಹಾಕಿದಳು. ಆರಕ್ಕೆ ಐದು ನಿಮಿಷವಿದ್ದಾಗ ರೂಪಿಬಾಯಿ ಮೆಟ್ಟಿಲಿಳಿದಳು. ಬರುವಾಗ ಎದೆಗೆ ಅವಚಿಕೊಂಡಿದ್ದ ಕಂಪ್ಯೂಟರ್ ಕಡೆ ತಿರುಗಿಯೂ ನೋಡಲಿಲ್ಲ. ಕೌದಿ ಮಾತ್ರ ಮರೆಯದೆ ಒಯ್ದಳು.

ಬದರುನ್ನಿಸಾ ಬೆಂಚು ಗುಡಿಸಿದಳು. ಸುಟ್ಟ ರದ್ದಿ ಡಿಸ್ಕನ್ನು ಮತ್ತೆ ಬಿಲ್ಲು ಪುಸ್ತಕದ ಮೇಲಿಟ್ಟಳು. ವಿಠ್ಠಲನ ಹಳೆಯ ವೈರುಗಳನ್ನು ಕೈಗೆತ್ತಿಕೊಂಡು ಸ್ವಲ್ಪ ಹೊತ್ತು ನೋಡಿದಳು. ಒಳ್ಳೆಯ ತಾಮ್ರ. ಇಟ್ಟರೆ ಮುಂದೆ ಉಪಯೋಗಕ್ಕೆ ಬರುತ್ತದೆ ಅಂತ ಯಾರಾದರೂ ಇಟ್ಟೇ ಇಡುತ್ತಾರೆ, ಒಂದು ದಿನ ತಪ್ಪು ಡಬ್ಬಿಗೆ ಒತ್ತುತ್ತಾರೆ. ಪಕ್ಕಡ ತೆಗೆದುಕೊಂಡು ಪ್ಲಗ್ಗುಗಳನ್ನೆಲ್ಲ ಕತ್ತರಿಸಿ ಕಸದ ಡಬ್ಬಕ್ಕೆ ಹಾಕಿದಳು. ತಂತಿ ತಾಮ್ರದ ಚೀಲಕ್ಕೆ ಹೋಯಿತು.

ಫೋನು ಬಂತು. ವಿಠ್ಠಲ.

"ಚಾಚಿ, ಅಜ್ಜಿ ಹೇಳಿದಳು, ಎಲ್ಲಾ ಚಲೋ ಆತಂತ. ನನ್ನ ವೈರ್ ಬಿಚ್ಚಲಿಲ್ಲ ಅಲ್ಲ?"

"ಬಿಚ್ಚಲಿಲ್ಲಪ್ಪ," ಅಂದಳು ಬದರುನ್ನಿಸಾ. "ಕತ್ತರಿಸಿದೆ. ಶುಕ್ರವಾರ ಬಾ, ಯಾಕಂತ ತೋರಿಸ್ತೇನಿ. ಬರುವಾಗ ಒಂದು ರದ್ದಿ ಡಿಸ್ಕ್ ತಗೊಂಡು ಬಾ. ನಂದು ಖರ್ಚಾತು."